ಖಾರದ ರಾಮೆನ್: ನಮ್ಮ ಒಲೆಯ ಮೇಲೂ ಸಾಧ್ಯ

ಹೊರನಾಡಿನ ತಿನಿಸೊಂದು ಅಡುಗೆಮನೆಗೆ ಕಾಲಿಟ್ಟಾಗ ಮುಸ್ಲಿಮ್ ಮನೆಗಳಲ್ಲಿ ರುಚಿಯ ಮಾತಿಗಿಂತ ಮೊದಲು ಒಂದು ಪ್ರಶ್ನೆ ಏಳುತ್ತದೆ: ‘ಇದನ್ನು ನಾವು ತಿನ್ನಬಹುದೇ?’ ಪಿಜ್ಜಾ, ಬರ್ಗರ್, ಫ್ರೈಡ್ ರೈಸ್‌ಗಳೆಲ್ಲ ಈ ಪ್ರಶ್ನೆಯನ್ನು ದಾಟಿಕೊಂಡೇ ನಮ್ಮ ದಸ್ತರಖಾನಿನ ಮೇಲೆ ಬಂದು ಕುಳಿತಿವೆ. ಈಗ ರಾಮೆನ್‌ನ ಸರದಿ.

ಜಪಾನಿನ ಈ ನೂಡಲ್ಸ್ ಸೂಪನ್ನು ನಮ್ಮ ಮಕ್ಕಳು ಹೋಟೆಲಿನಲ್ಲಿ ಕಂಡದ್ದಕ್ಕಿಂತ ಪರದೆಯ ಮೇಲೆ ಕಂಡದ್ದೇ ಹೆಚ್ಚು. ‘ನರುಟೊ’ ಎಂಬ ಜಪಾನಿ ಕಾರ್ಟೂನಿನ ಹುಡುಗ ಬಟ್ಟಲುಗಟ್ಟಲೆ ರಾಮೆನ್ ಹೀರುವುದನ್ನು ನೋಡುತ್ತಾ ಬೆಳೆದ ಮಕ್ಕಳಿಗೆ ಅದರ ರುಚಿ ನೋಡುವ ಆಸೆ ಹುಟ್ಟುವುದು ಸಹಜ. ‘ಟೀಚರ್, ರಾಮೆನ್ ಹಲಾಲಾ?’ ಎಂದು ತರಗತಿಯಲ್ಲಿ ಎದ್ದು ನಿಂತು ಕೇಳುವ ಹುಡುಗಿಯರಿದ್ದಾರೆ. ‘ಅದರಲ್ಲಿ ಹಂದಿ ಇರುತ್ತದೆ, ಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಬೇಡ ಎನಿಸಿಕೊಂಡ ಮಕ್ಕಳ ಆಸೆ ಅಲ್ಲಿಗೆ ಮುಗಿಯುವುದಿಲ್ಲ. ಅವರು ಅಂಗಡಿಯಿಂದ ಖಾರದ ಪ್ಯಾಕೆಟ್ ತರುತ್ತಾರೆ, ಅದರ ಬೆನ್ನ ಮೇಲೇನು ಬರೆದಿದೆ ಎಂದು ಓದದೆ ಕುದಿಸಿ ತಿನ್ನುತ್ತಾರೆ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಆ ಬಟ್ಟಲಿನೊಳಗೆ ಏನೇನಿದೆ, ಯಾವುದು ಯಾವ ಕೆಲಸಕ್ಕಾಗಿ ಇದೆ ಎಂದು ಮೊದಲು ತಿಳಿದುಕೊಳ್ಳೋಣ. ಹಾಗೆ ತಿಳಿದವರಿಗೆ ರಾಮೆನ್‌ನ ಜೀವ ಹಂದಿಯ ಎಲುಬಿನಲ್ಲಾಗಲಿ ಮದ್ಯದಲ್ಲಾಗಲಿ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಕೋಳಿಯ ಎಲುಬು, ಎಳ್ಳು, ಬ್ಯಾಡಗಿ ಮೆಣಸು ಇರುವ ಯಾವ ಮನೆಯಲ್ಲಾದರೂ ಅದನ್ನು ಮಾಡಬಹುದು.

ಎಳೆದ ಹಿಟ್ಟಿನ ಪಯಣ

ರಾಮೆನ್ ಮೂಲತಃ ಜಪಾನಿನದ್ದಲ್ಲ. ಕೈಯಿಂದ ಎಳೆದು ಮಾಡಿದ ನೂಡಲ್ಸ್ ಎಂಬ ಅರ್ಥದ ‘ಲಾಮಿಯನ್’ ಎಂಬ ಚೀನೀ ಪದದಿಂದ ಈ ಹೆಸರು ಬಂತೆಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಬಂದರು ಪಟ್ಟಣಗಳಲ್ಲಿ ನೆಲೆಸಿದ್ದ ಚೀನೀಯರ ಮೂಲಕ ಇದು ಜಪಾನಿಗೆ ಬಂತು. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ‘ರೈರೈಕೆನ್’ ಎಂಬ ಹೋಟೆಲ್ ತೆರೆಯಿತು. ಅದರ ಮಾಲಕ ಜಪಾನೀಯ, ಬಾಣಸಿಗರು ಯೊಕೊಹಾಮಾದ ಚೀನೀ ಕೇರಿಯಿಂದ ಬಂದವರು. ಚೀನೀ ನೂಡಲ್ಸ್‌ಗೆ ಜಪಾನಿನ ಸೋಯಾ ಸಾಸ್ ಬೆರೆತು ಜನರಿಗೆ ಹಿಡಿಸಿದ್ದು ಅಲ್ಲಿ.

ಇಲ್ಲಿ ನಮ್ಮ ಓದುಗರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಚೀನಾದಲ್ಲಿ ಇಂದು ಎಳೆದ ನೂಡಲ್ಸ್‌ಗೆ ಅತಿ ಹೆಚ್ಚು ಹೆಸರಾದ ಊರು ವಾಯವ್ಯದ ಲಾಂಜೌ. ಅಲ್ಲಿನ ಗೋಮಾಂಸದ ನೂಡಲ್ಸ್ ಸೂಪನ್ನು ಬೆಳೆಸಿದವರು ಹುಯಿ ಜನಾಂಗದ ಮುಸ್ಲಿಮರು. 1915ರಲ್ಲಿ ಮಾ ಬಾವೋಜಿ ಎಂಬ ಹುಯಿ ವ್ಯಾಪಾರಿ ಇದಕ್ಕೆ ಇಂದಿನ ರೂಪ ಕೊಟ್ಟರೆಂದು ಹೇಳಲಾಗುತ್ತದೆ. ತಿಳಿಯಾದ ಸಾರು, ಬಿಳಿ ಮೂಲಂಗಿ, ಮೇಲೆ ಕೆಂಪು ಮೆಣಸಿನೆಣ್ಣೆ, ಹಸಿರು ಕೊತ್ತಂಬರಿ, ಹಳದಿ ನೂಡಲ್ಸ್ – ಇವು ಆ ಬಟ್ಟಲಿನ ಐದು ಗುರುತುಗಳು. ಚೀನಾದ ಅನೇಕ ಪಟ್ಟಣಗಳಲ್ಲಿ ಇಂದು ಹಲಾಲ್ ಫಲಕ ತೂಗುಹಾಕಿದ ಸಣ್ಣ ನೂಡಲ್ಸ್ ಅಂಗಡಿಗಳಿವೆ. ಜಪಾನಿನ ರಾಮೆನ್ ನೇರವಾಗಿ ಲಾಂಜೌನಿಂದ ಬಂದದ್ದೇನೂ ಅಲ್ಲ. ಆದರೆ ಖಾರದ ಎಣ್ಣೆ ತೇಲುವ ನೂಡಲ್ಸ್ ಸೂಪ್ ಮುಸಲ್ಮಾನರ ಅಡುಗೆಗೆ ಹೊಸದು ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ.

1945ರಲ್ಲಿ ಯುದ್ಧ ಸೋತ ಜಪಾನಿನಲ್ಲಿ ಅಕ್ಕಿಗೆ ತತ್ವಾರವಾಯಿತು. ಅಮೆರಿಕದಿಂದ ಬಂದ ಗೋಧಿ ಹಿಟ್ಟಿನಿಂದ ಜನ ಹೊಟ್ಟೆ ತುಂಬಿಸಿಕೊಂಡರು. ಒಸಾಕಾದ ಕಾಳಸಂತೆಯಲ್ಲಿ ಒಂದು ಬಟ್ಟಲು ಬಿಸಿ ನೂಡಲ್ಸ್‌ಗಾಗಿ ಜನ ಸಾಲುಗಟ್ಟಿ ನಿಂತದ್ದನ್ನು ಮೊಮೊಫುಕು ಆಂಡೊ ಎಂಬವರು ಕಂಡಿದ್ದರು. ಮುಂದೆ ಅವರು ತನ್ನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಪ್ರಯೋಗ ನಡೆಸಿ, ಬೇಯಿಸಿದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಒಣಗಿಸುವ ಉಪಾಯ ಕಂಡುಹಿಡಿದರು. 1958ರ ಆಗಸ್ಟ್ 25ರಂದು ಜಗತ್ತಿನ ಮೊದಲ ದಿಢೀರ್ ನೂಡಲ್ಸ್ ಮಾರುಕಟ್ಟೆಗೆ ಬಂತು. ಅದರ ಹೆಸರು ‘ಚಿಕನ್ ರಾಮೆನ್’. ಹೌದು, ಮೊತ್ತಮೊದಲ ಪ್ಯಾಕೆಟ್ಟಿನ ರುಚಿ ಕೋಳಿ ಸಾರಿನದ್ದು!

ಖಾರ ಬಂದದ್ದು ಹೇಗೆ?

ಜಪಾನೀಯರ ಸಾಂಪ್ರದಾಯಿಕ ಊಟದಲ್ಲಿ ಖಾರ ಬಹಳ ಕಡಿಮೆ. ಹಾಗಾದರೆ ಖಾರದ ರಾಮೆನ್ ಎಲ್ಲಿಂದ ಬಂತು?

ಚೀನಾದ ಸಿಚುವಾನ್ ಪ್ರಾಂತ್ಯದವರಾದ ಚೆನ್ ಕೆನ್‌ಮಿನ್ ಎಂಬ ಬಾಣಸಿಗರು 1952ರಲ್ಲಿ ಜಪಾನಿಗೆ ಬಂದರು, 1958ರಲ್ಲಿ ಟೋಕಿಯೋದಲ್ಲಿ ಸ್ವಂತ ಹೋಟೆಲ್ ತೆರೆದರು. ಸಿಚುವಾನ್ ಎಂದರೆ ಮೆಣಸಿನ ನಾಡು. ಅಲ್ಲಿ ‘ದಾನ್‌ದಾನ್’ ಎಂಬ ನೂಡಲ್ಸ್ ಇದೆ. ಹೆಗಲ ಮೇಲಿನ ಕಾವಡಿಗೆ ‘ದಾನ್’ ಎನ್ನುತ್ತಾರೆ. ಕಾವಡಿಯ ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಪಾತ್ರೆ ಪಗಡಿ ತೂಗಿಸಿಕೊಂಡು ಬೀದಿ ಬೀದಿ ಸುತ್ತಿ ಮಾರುತ್ತಿದ್ದುದರಿಂದ ಆ ಹೆಸರು. ಕಾವಡಿ ಹೊತ್ತವನು ಸಾರಿನ ಕೊಡ ಹೊರಲಾರ. ಹಾಗಾಗಿ ಅದರಲ್ಲಿ ಸಾರು ಇಲ್ಲವೆಂಬಷ್ಟು ಕಡಿಮೆ, ಖಾರ ಮಾತ್ರ ವಿಪರೀತ.

ಸಾರು ತುಂಬಿದ ಬಟ್ಟಲಿಗೆ ಒಗ್ಗಿಹೋಗಿದ್ದ ಜಪಾನೀಯರಿಗೆ ಇದು ಹಿಡಿಸಲಾರದೆಂದು ಚೆನ್ ಅರಿತರು. ಅವರು ಅದಕ್ಕೆ ಕೋಳಿ ಸಾರು ಸುರಿದರು, ಹುರಿದ ಎಳ್ಳನ್ನು ಅರೆದು ಬೆರೆಸಿದರು. ಎಳ್ಳು ಖಾರವನ್ನು ಮೃದುಗೊಳಿಸಿತು, ಸಾರಿಗೆ ಕೆನೆಯಂತಹ ಗಟ್ಟಿತನ ಕೊಟ್ಟಿತು. ಹೀಗೆ ಹುಟ್ಟಿದ್ದೇ ‘ತಾನ್‌ತಾನ್‌ಮೆನ್’. ಇಂದು ಜಪಾನಿನಲ್ಲಿ ಖಾರದ ನೂಡಲ್ಸ್ ಸೂಪ್ ಎಂದರೆ ಮೊದಲು ನೆನಪಾಗುವ ಬಟ್ಟಲುಗಳಲ್ಲಿ ಇದೂ ಒಂದು.

ಗಮನಿಸಿ, ಈ ಪಯಣದಲ್ಲಿ ಪ್ರತಿಯೊಬ್ಬರೂ ತಮ್ಮ ಜನರ ನಾಲಿಗೆಗೆ ತಕ್ಕಂತೆ ಏನನ್ನೋ ಬಿಟ್ಟಿದ್ದಾರೆ, ಏನನ್ನೋ ಸೇರಿಸಿದ್ದಾರೆ. ಸಪೊರೊ ಪಟ್ಟಣದವರು ಸಾರಿಗೆ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಕದಡಿದರು. ನಗೋಯಾದಲ್ಲಿ ತೈವಾನ್ ಮೂಲದ ಹೋಟೆಲ್ ಮಾಲಕರೊಬ್ಬರು 1970ರ ದಶಕದಲ್ಲಿ ಬೆಳ್ಳುಳ್ಳಿ ಮತ್ತು ಒಣಮೆಣಸು ಸುರಿದು ಇನ್ನೊಂದು ಖಾರದ ರಾಮೆನ್ ಮಾಡಿದರು. ಹಾಗಿರುವಾಗ ಹಲಾಲ್ ಊಟ ಬಯಸುವವರು ತಮ್ಮ ಬಟ್ಟಲನ್ನು ತಮಗೆ ತಕ್ಕಂತೆ ಮಾಡಿಕೊಂಡರೆ ಅದು ನಕಲಿ ರಾಮೆನ್ ಆಗುವುದಿಲ್ಲ. ರಾಮೆನ್ ಬೆಳೆದು ಬಂದ ದಾರಿಯೇ ಅದು.

ಬಟ್ಟಲಿನ ಐದು ಅಂಗಗಳು

ಯಾವುದೇ ರಾಮೆನ್‌ನಲ್ಲಿ ಐದು ಭಾಗಗಳಿರುತ್ತವೆ. ಇವನ್ನು ಬೇರೆ ಬೇರೆಯಾಗಿ ತಯಾರಿಸಿ ಕೊನೆಯಲ್ಲಿ ಬಟ್ಟಲಿನಲ್ಲಿ ಕೂಡಿಸುತ್ತಾರೆ.

ಮೊದಲನೆಯದು ಸಾರು. ಇದಕ್ಕೆ ಉಪ್ಪು ಹಾಕುವುದಿಲ್ಲ. ಎಲುಬಿನಿಂದ ಸತ್ವ ತೆಗೆಯುವುದಷ್ಟೇ ಇದರ ಕೆಲಸ. ಎರಡನೆಯದು ‘ತಾರೆ’, ಅಂದರೆ ಬಟ್ಟಲಿನ ತಳಕ್ಕೆ ಹಾಕುವ ಉಪ್ಪು–ಹುಳಿ–ಸಿಹಿಯ ಗಟ್ಟಿ ರಸ. ರಾಮೆನ್‌ನ ರುಚಿ ನಿರ್ಧರಿಸುವುದು ಇದೇ. ಮೂರನೆಯದು ಪರಿಮಳದ ಎಣ್ಣೆ. ಖಾರ ಇದರಲ್ಲಿರುತ್ತದೆ. ನಾಲ್ಕನೆಯದು ನೂಡಲ್ಸ್. ಐದನೆಯದು ಮೇಲೆ ಇಡುವ ಮಾಂಸ, ಮೊಟ್ಟೆ, ತರಕಾರಿ.

ನೂಡಲ್ಸ್ ಬಗ್ಗೆ ಒಂದು ಮಾತು. ಉತ್ತರ ಕರ್ನಾಟಕದ ಗೋಧಿ ಶ್ಯಾವಿಗೆಯನ್ನು ಬಿಸಿ ಸಾರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಮುದ್ದೆಯಾಗುತ್ತದೆ. ರಾಮೆನ್ ನೂಡಲ್ಸ್ ಹಾಗಾಗದಿರಲು ಕಾರಣ ಅದರ ಹಿಟ್ಟಿಗೆ ಬೆರೆಸುವ ‘ಕಾನ್‌ಸುಯಿ’ ಎಂಬ ಕ್ಷಾರದ ನೀರು. ಹಪ್ಪಳಕ್ಕೆ ಹಾಕುವ ಖಾರದ ಜಾತಿಗೆ ಸೇರಿದ ವಸ್ತು ಇದು. ಕ್ಷಾರವು ಗೋಧಿಯ ಅಂಟನ್ನು ಬಿಗಿಗೊಳಿಸುತ್ತದೆ, ಹಿಟ್ಟಿಗೆ ತಿಳಿ ಹಳದಿ ಬಣ್ಣ ಕೊಡುತ್ತದೆ. ಲಾಂಜೌನವರು ಇದೇ ಕೆಲಸಕ್ಕೆ ಮರುಭೂಮಿಯ ಗಿಡವೊಂದನ್ನು ಸುಟ್ಟ ಬೂದಿಯನ್ನು ಬಳಸುತ್ತಿದ್ದರು. ನಮ್ಮ ಮನೆಗಳಲ್ಲಿ ಅಡುಗೆ ಸೋಡಾ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಸಾರಿನ ಬಗ್ಗೆಯೂ ಒಂದು ಮಾತು. ರಾಮೆನ್ ಕುಡಿದವರು ‘ಇದರಲ್ಲಿ ಏನೋ ಇದೆ’ ಎನ್ನುವ ಆ ರುಚಿಗೆ ಜಪಾನೀಯರು ‘ಉಮಾಮಿ’ ಎನ್ನುತ್ತಾರೆ. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಅವರು ಕೊಂಬು ಎಂಬ ಸಮುದ್ರ ಪಾಚಿಯಿಂದ ಗ್ಲುಟಮೇಟ್ ಬೇರ್ಪಡಿಸಿ ಈ ರುಚಿಯ ಮೂಲ ತೋರಿಸಿದರು. 1913ರಲ್ಲಿ ಶಿಂತಾರೊ ಕೊದಾಮಾ ಒಣಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ರುಚಿಮೂಲವನ್ನು ಕಂಡರು. ಇವೆರಡೂ ಸೇರಿದಾಗ ರುಚಿ ಹಲವು ಪಟ್ಟು ಹೆಚ್ಚುತ್ತದೆ. ಕೋಳಿ ಸಾರಿಗೆ ಒಂದು ಹಣ್ಣಾದ ಟೊಮೆಟೊ, ನಾಲ್ಕು ಒಣ ಅಣಬೆ ಸೇರಿಸಿದರೆ ಇದೇ ಲಾಭ ಸಿಗುತ್ತದೆ.

ಜಪಾನೀಯರು ಸಾರಿಗೆ ಬಳಸುವ ‘ಕತ್ಸುವೊಬುಶಿ’ ಎಂಬುದು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಂತೆ ಒಣಗಿಸಿದ ಸೂರೆ ಮೀನು. ಲಕ್ಷದ್ವೀಪದವರ ‘ಮಾಸ್’ ಕೂಡ ಇದೇ ಜಾತಿಯ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿದ್ದು. ಮಂಗಳೂರಿಗೂ ಲಕ್ಷದ್ವೀಪಕ್ಕೂ ಹಿಂದಿನಿಂದಲೂ ಹಡಗು ವ್ಯಾಪಾರವಿದೆ. ಅಲ್ಲಿನ ನೆಂಟರು ತಂದ ಮಾಸ್ ಮನೆಯಲ್ಲಿದ್ದರೆ ಒಂದು ಸಣ್ಣ ತುಂಡನ್ನು ಸಾರಿಗೆ ಹಾಕಿ ನೋಡಿ.

ಏನನ್ನು ಬಿಡಬೇಕು? ಬದಲಿಗೆ ಏನು?

ಜಪಾನಿನ ರಾಮೆನ್ ಅಂಗಡಿಗಳಲ್ಲಿ ನಮಗೆ ಸಲ್ಲದ ವಸ್ತುಗಳು ಮುಖ್ಯವಾಗಿ ನಾಲ್ಕು ಕಡೆ ಅಡಗಿರುತ್ತವೆ.

ಒಂದು, ಎಲುಬಿನ ಸಾರು. ‘ತೊಂಕೊತ್ಸು’ ಎಂಬ ಹಾಲು ಬಣ್ಣದ ಸಾರು ಹಂದಿಯ ಎಲುಬಿನದ್ದು. ಆ ಬಿಳುಪು ಹಂದಿಯಿಂದಲೇ ಬರಬೇಕೆಂದಿಲ್ಲ. ಎಲುಬನ್ನು ಜೋರಾಗಿ, ದೀರ್ಘಕಾಲ ಕುದಿಸಿದಾಗ ಅದರ ಮಜ್ಜೆ, ಅಂಟು, ಕೊಬ್ಬು ನೀರಿನೊಂದಿಗೆ ಒಂದಾಗಿ ಬಿಳುಪು ಬರುತ್ತದೆ. ನಮ್ಮ ಪಾಯ ಸೂಪು ಗಟ್ಟಿಯಾಗಿ ತುಟಿಗೆ ಅಂಟುವುದೂ ಅದೇ ಅಂಟಿನಿಂದ. ಜಪಾನಿನಲ್ಲೇ ಕೇವಲ ಕೋಳಿಯಿಂದ ಮಾಡುವ ‘ತೋರಿ ಪೈತಾನ್’ ಎಂಬ ಬಿಳಿ ಸಾರು ಜನಪ್ರಿಯವಾಗಿದೆ. ಹಾಗೆಂದು ಅಲ್ಲಿ ಕೋಳಿ ರಾಮೆನ್ ಎಂದು ಬರೆದದ್ದೆಲ್ಲ ಹಲಾಲ್ ಎಂದಲ್ಲ. ಕೋಳಿಯನ್ನು ಕೊಯ್ದ ಕ್ರಮವನ್ನೂ ನೋಡಬೇಕಾಗುತ್ತದೆ.

ಎರಡು, ಮೇಲೆ ಇಡುವ ಮಾಂಸ. ‘ಚಾಶು’ ಎಂದರೆ ಸಾಮಾನ್ಯವಾಗಿ ಹಂದಿ ಮಾಂಸ. ತಾನ್‌ತಾನ್‌ಮೆನ್‌ನ ಖೀಮಾ ಕೂಡ ಹೆಚ್ಚಾಗಿ ಹಂದಿಯದೇ. ಕೋಳಿ ಅಥವಾ ಕುರಿಯ ಖೀಮಾ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಮೂರು, ಮಿರಿನ್ ಮತ್ತು ಸಾಕೆ. ಸಾಕೆ ಅಕ್ಕಿಯ ಮದ್ಯ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇಕಡಾ 14ರಷ್ಟು ಆಲ್ಕೋಹಾಲ್ ಇದೆ. ‘ಕುದಿಸಿದರೆ ಹಾರಿಹೋಗುತ್ತದಲ್ಲ?’ ಎಂದು ಕೆಲವರು ವಾದಿಸುವುದುಂಟು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದ ನಂತರವೂ ಹಾಕಿದ ಆಲ್ಕೋಹಾಲಿನಲ್ಲಿ ಶೇಕಡಾ 40ರಷ್ಟು ಉಳಿಯುತ್ತದೆ. ಒಂದು ಗಂಟೆಯ ನಂತರವೂ ಶೇಕಡಾ 25ರಷ್ಟು ಇರುತ್ತದೆ. ಹೇಗೂ ಬೇಕೆಂದೇ ಮದ್ಯ ಸುರಿದು ಮಾಡುವ ಅಡುಗೆಯ ವಿಷಯದಲ್ಲಿ ನಮಗೆ ಗೊಂದಲವಿಲ್ಲ. ಅವುಗಳ ಕೆಲಸವೇನೆಂದು ನೋಡಿದರೆ ಬದಲಿ ಸುಲಭವಾಗಿ ಸಿಗುತ್ತದೆ. ಮಿರಿನ್ ಸಿಹಿ ಮತ್ತು ಹೊಳಪು ಕೊಡುತ್ತದೆ. ಒಂದು ಚಮಚ ಬೆಲ್ಲ, ಕೆಲವು ಹನಿ ಸಿರ್ಕಾ ಅದನ್ನು ಮಾಡುತ್ತವೆ. ಸಾಕೆ ಮಾಂಸದ ವಾಸನೆ ತೆಗೆಯುತ್ತದೆ. ಎಲುಬನ್ನು ಒಮ್ಮೆ ಕುದಿಸಿ ನೀರು ಚೆಲ್ಲಿ, ಶುಂಠಿ ಮತ್ತು ಈರುಳ್ಳಿ ಹೂವಿನ ಜೊತೆ ಬೇಯಿಸಿದರೆ ವಾಸನೆ ಇರುವುದಿಲ್ಲ.

ನಾಲ್ಕು, ಸೋಯಾ ಸಾಸ್ ಮತ್ತು ಮಿಸೊ. ಸಹಜವಾಗಿ ಹುದುಗಿಸಿದ ಸೋಯಾ ಸಾಸ್‌ನಲ್ಲಿ ಅಲ್ಪ ಪ್ರಮಾಣದ ಆಲ್ಕೋಹಾಲ್ ತಾನಾಗಿ ಹುಟ್ಟುತ್ತದೆ. ಇದರ ಬಗ್ಗೆ ವಿದ್ವಾಂಸರಲ್ಲಿ ಅಭಿಪ್ರಾಯಭೇದವಿದೆ. ಕೆಲವು ತಯಾರಕರು ಕೆಡದಂತೆ ಇಡಲು ಹೊರಗಿನಿಂದಲೂ ಆಲ್ಕೋಹಾಲ್ ಸೇರಿಸುತ್ತಾರೆ. ಹಲಾಲ್ ಮುದ್ರೆಯ ಸೋಯಾ ಸಾಸ್ ಈಗ ದೊಡ್ಡ ಪಟ್ಟಣಗಳಲ್ಲೂ ಗಲ್ಫ್‌ನಲ್ಲೂ ದೊರೆಯುತ್ತದೆ. ಸಂಶಯಕ್ಕೆ ಎಡೆ ಬೇಡವೆನ್ನುವವರು ಅದನ್ನೇ ಕೊಳ್ಳಲಿ.

ಜಪಾನಿನಲ್ಲೂ ಪರಿಸ್ಥಿತಿ ಬದಲಾಗಿದೆ. 2013ರಲ್ಲಿ ಮಲೇಷ್ಯಾದ ಪ್ರವಾಸಿಗಳಿಗೆ ವೀಸಾ ವಿನಾಯಿತಿ ಕೊಟ್ಟ ನಂತರ ಮುಸ್ಲಿಮ್ ಪ್ರವಾಸಿಗಳ ಸಂಖ್ಯೆ ಏರಿತು. ಟೋಕಿಯೋ, ಒಸಾಕಾ, ಕ್ಯೋಟೋಗಳಲ್ಲಿ ಹಂದಿ–ಮದ್ಯಗಳಿಲ್ಲದ ಹಲಾಲ್ ರಾಮೆನ್ ಅಂಗಡಿಗಳು ತಲೆಯೆತ್ತಿದವು. ಅವುಗಳ ಮುಂದೆ ಜಪಾನೀಯರೂ ಸಾಲು ನಿಲ್ಲುತ್ತಾರೆ. ರುಚಿ ಕೆಟ್ಟಿದ್ದರೆ ನಿಲ್ಲುತ್ತಿರಲಿಲ್ಲ!

ಬೇಕಾಗುವ ಸಾಮಗ್ರಿಗಳು (4 ಜನರಿಗೆ)

ಸಾರಿಗೆ: ಕೋಳಿಯ ಬೆನ್ನೆಲುಬು, ಕುತ್ತಿಗೆ, ಶುಚಿಗೊಳಿಸಿದ ಕಾಲುಗಳು ಒಟ್ಟು 1 ಕಿಲೋ, ಈರುಳ್ಳಿ 1, ಶುಂಠಿ 2 ಇಂಚು, ಬೆಳ್ಳುಳ್ಳಿ 8 ಎಸಳು, ಟೊಮೆಟೊ 1, ಒಣ ಅಣಬೆ 4, ನೀರು ಎರಡೂವರೆ ಲೀಟರ್.

ತಾರೆಗೆ: ಬಿಳಿ ಎಳ್ಳು 80 ಗ್ರಾಂ, ಎಳ್ಳೆಣ್ಣೆ 3 ದೊಡ್ಡ ಚಮಚ, ಸೋಯಾ ಸಾಸ್ 4 ದೊಡ್ಡ ಚಮಚ, ಸಿರ್ಕಾ 4 ಸಣ್ಣ ಚಮಚ, ಬೆಲ್ಲದ ಪುಡಿ 2 ಸಣ್ಣ ಚಮಚ.

ಮೆಣಸಿನೆಣ್ಣೆಗೆ: ಅಡುಗೆ ಎಣ್ಣೆ ಅರ್ಧ ಕಪ್, ತರಿತರಿಯಾಗಿ ಪುಡಿ ಮಾಡಿದ ಬ್ಯಾಡಗಿ ಮೆಣಸು 3 ದೊಡ್ಡ ಚಮಚ, ಗುಂಟೂರು ಮೆಣಸಿನ ಪುಡಿ 1 ಸಣ್ಣ ಚಮಚ, ಶುಂಠಿ 4 ಬಿಲ್ಲೆ, ಬೆಳ್ಳುಳ್ಳಿ 4 ಎಸಳು, ಚಕ್ಕೆ 1 ತುಂಡು, ಚಕ್ರಮೊಗ್ಗು 1.

ಮೇಲಕ್ಕೆ: ಕೋಳಿ ಅಥವಾ ಕುರಿಯ ಖೀಮಾ 250 ಗ್ರಾಂ, ಮೊಟ್ಟೆ 4, ಮೊಳಕೆ ಬರಿಸಿದ ಹೆಸರುಕಾಳು 1 ಕಪ್, ಪಾಲಕ್ 1 ಕಟ್ಟು, ಈರುಳ್ಳಿ ಹೂವು ಸ್ವಲ್ಪ.

ನೂಡಲ್ಸ್: ತೆಳು ಸ್ಪಗೆಟ್ಟಿ ಅಥವಾ ಮಸಾಲೆ ಇಲ್ಲದ ಹಕ್ಕಾ ನೂಡಲ್ಸ್ 350 ಗ್ರಾಂ.

ಮಾಡುವ ವಿಧಾನ

ಸಾರು: ಎಲುಬುಗಳನ್ನು ತೊಳೆದು, ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಿ. ಮೇಲೆ ಬಂದ ಬೂದು ನೊರೆಯ ಸಮೇತ ಆ ನೀರನ್ನು ಚೆಲ್ಲಿ, ಎಲುಬನ್ನು ಇನ್ನೊಮ್ಮೆ ತೊಳೆಯಿರಿ. ಈ ಕೆಲಸವನ್ನು ತಪ್ಪಿಸಬೇಡಿ. ಸಾರಿನ ಶುದ್ಧ ರುಚಿ ಇದರಲ್ಲೇ ಇದೆ. ನಂತರ ಸಾರಿನ ಎಲ್ಲ ಸಾಮಗ್ರಿಯನ್ನೂ ಎರಡೂವರೆ ಲೀಟರ್ ನೀರಿನೊಂದಿಗೆ ದೊಡ್ಡ ಪ್ರೆಶರ್ ಕುಕ್ಕರಿಗೆ ಹಾಕಿ, ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ಕುಕ್ಕರ್ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಸಣ್ಣದಾದರೆ ನೀರು ಕಡಿಮೆ ಮಾಡಿ, ಉಳಿದ ನೀರನ್ನು ನಂತರ ಸೇರಿಸಿ. ಆವಿ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು, ಎಲುಬುಗಳನ್ನು ಸೌಟಿನಿಂದ ಜಜ್ಜಿ, ದೊಡ್ಡ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ತಿಳಿಯಾಗಿದ್ದ ಸಾರು ಕಣ್ಣೆದುರೇ ಬಿಳಿಯಾಗುತ್ತದೆ. ಸೋಸಿದಾಗ ಸುಮಾರು 1 ಲೀಟರ್ 400 ಮಿಲಿ ಸಾರು ಸಿಗಬೇಕು. ಕಡಿಮೆಯಾದರೆ ಬಿಸಿ ನೀರು ಸೇರಿಸಬಹುದು. ಈ ಸಾರನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದು. ಫ್ರಿಜ್‌ನಲ್ಲಿ ಅದು ಜೆಲ್ಲಿಯಂತೆ ಗಟ್ಟಿಯಾದರೆ ನಿಮ್ಮ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

ತಾರೆ: ಎಳ್ಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವಷ್ಟು ಹುರಿಯಿರಿ. ಜಪಾನೀಯರು ಹುರಿದ ಎಳ್ಳಿನ ಎಣ್ಣೆ ಬಳಸುತ್ತಾರೆ. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಪರಿಮಳವಿಲ್ಲ. ಆದ್ದರಿಂದ ಎಳ್ಳನ್ನು ಹುರಿಯುವುದರಲ್ಲೇ ಆ ಕೊರತೆ ನೀಗಬೇಕು. ಆದರೆ ಕಪ್ಪಾದರೆ ಕಹಿಯಾಗುತ್ತದೆ, ಜೋಕೆ. ತಣಿದ ಮೇಲೆ ಎಳ್ಳೆಣ್ಣೆ ಹಾಕಿ ಮಿಕ್ಸಿಯಲ್ಲಿ ಬೆಣ್ಣೆಯಂತೆ ಅರೆಯಿರಿ. ಮನೆಯಲ್ಲಿ ಗಲ್ಫಿನಿಂದ ತಂದ ತಹಿನಾ ಇದ್ದರೆ 8 ದೊಡ್ಡ ಚಮಚ ಸಾಕು, ಅರೆಯುವ ಶ್ರಮ ಉಳಿಯುತ್ತದೆ. ಇದಕ್ಕೆ ಸೋಯಾ ಸಾಸ್, ಸಿರ್ಕಾ, ಬೆಲ್ಲ ಬೆರೆಸಿ.

ಮೆಣಸಿನೆಣ್ಣೆ: ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಚಕ್ರಮೊಗ್ಗುಗಳನ್ನು ಸಣ್ಣ ಉರಿಯಲ್ಲಿ 10 ನಿಮಿಷ ಕಾಯಿಸಿ ಸೋಸಿ. ಸ್ಟೀಲ್ ಬಟ್ಟಲಿನಲ್ಲಿ ಎರಡೂ ಮೆಣಸಿನ ಪುಡಿಗಳನ್ನು ಒಂದು ಸಣ್ಣ ಚಮಚ ನೀರಿನಿಂದ ಸ್ವಲ್ಪ ತೇವ ಮಾಡಿಡಿ. ಇದರಿಂದ ಮೆಣಸು ಸುಟ್ಟುಹೋಗುವುದಿಲ್ಲ. ಎಣ್ಣೆಯನ್ನು ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಒಮ್ಮೆಲೇ ಸುರಿದರೆ ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನ ಗಾಢ ಕೆಂಪು ಈ ಬಟ್ಟಲಿಗೆ ಹೇಳಿ ಮಾಡಿಸಿದಂತಿದೆ.

ಅಸಲಿ ತಾನ್‌ತಾನ್‌ಮೆನ್ ತಿಂದಾಗ ನಾಲಿಗೆ ಸ್ವಲ್ಪ ಜುಮ್ಮೆನ್ನುತ್ತದೆ. ಅದು ಸಿಚುವಾನ್ ಮೆಣಸಿನ ಗುಣ. ಅದರ ಹತ್ತಿರದ ಬಂಧು ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲೇ ಇದೆ. ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯಲ್ಲಿ ತೆಪ್ಪಲ್ ಎನ್ನುವುದು ಅದೇ ಕುಲದ್ದು. ಒಳಗಿನ ಕಪ್ಪು ಬೀಜ ತೆಗೆದು, ನಾಲ್ಕೈದು ಸಿಪ್ಪೆಗಳನ್ನು ಮಾತ್ರ ಹುರಿದು ಪುಡಿ ಮಾಡಿ ಎಣ್ಣೆಗೆ ಬೆರೆಸಿ.

ಖೀಮಾ: ಸ್ವಲ್ಪ ಎಣ್ಣೆಯಲ್ಲಿ ಹೆಚ್ಚಿದ ಶುಂಠಿ–ಬೆಳ್ಳುಳ್ಳಿ ಹುರಿದು ಖೀಮಾ ಹಾಕಿ, ನೀರು ಪೂರ್ತಿ ಆರಿ ಉದುರುದುರಾಗುವವರೆಗೆ ದೊಡ್ಡ ಉರಿಯಲ್ಲಿ ಬಾಡಿಸಿ. ಕುರಿಯ ಖೀಮಾ ಆದರೆ ಮೊದಲೇ ಬೇಯಿಸಿಕೊಳ್ಳಿ. ಕೊನೆಯಲ್ಲಿ ಒಂದು ಚಮಚ ಸೋಯಾ ಸಾಸ್, ಅರ್ಧ ಚಮಚ ಬೆಲ್ಲ, ಚಿಟಿಕೆ ಮೆಣಸಿನ ಪುಡಿ ಹಾಕಿ ಇಳಿಸಿ. ಗರಂ ಮಸಾಲೆ, ಅರಿಶಿನ ಬೇಡ. ಹಾಕಿದರೆ ರುಚಿ ನಮ್ಮ ಖೀಮಾ ಪಲ್ಯದ ಕಡೆಗೆ ತಿರುಗುತ್ತದೆ.

ಮೊಟ್ಟೆ, ತರಕಾರಿ: ಕುದಿಯುವ ನೀರಿನಲ್ಲಿ 7 ನಿಮಿಷ ಬೇಯಿಸಿದರೆ ಹಳದಿ ಭಾಗ ಮೃದುವಾಗಿ ಉಳಿಯುತ್ತದೆ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಪೂರ್ತಿ ಬೇಯಿಸಿದ್ದನ್ನೇ ಕೊಡಿ. ಪಾಲಕ್ ಮತ್ತು ಮೊಳಕೆಕಾಳನ್ನು ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ.

ನೂಡಲ್ಸ್: 2 ಲೀಟರ್ ನೀರು ಕುದಿಯುವಾಗ 2 ದೊಡ್ಡ ಚಮಚ ಅಡುಗೆ ಸೋಡಾ ಹಾಕಿ. ನೊರೆ ಉಕ್ಕಿ ಬರುತ್ತದೆ, ಪಾತ್ರೆ ದೊಡ್ಡದಿರಲಿ. ಸ್ಪಗೆಟ್ಟಿಯನ್ನು ಪ್ಯಾಕೆಟಿನಲ್ಲಿ ಹೇಳಿದಷ್ಟು ಹೊತ್ತು ಬೇಯಿಸಿ, ಬಸಿದು, ಬಿಸಿ ನೀರಿನಲ್ಲಿ ಒಮ್ಮೆ ತೊಳೆದರೆ ಸೋಡಾದ ವಾಸನೆ ಹೋಗುತ್ತದೆ. ಗೋಧಿಯ ಸ್ಪಗೆಟ್ಟಿ ರಾಮೆನ್‌ನ ಹಳದಿ ಬಣ್ಣ ಮತ್ತು ಜಗಿತ ಪಡೆಯುವುದನ್ನು ನೀವೇ ನೋಡುವಿರಿ. ಹಕ್ಕಾ ನೂಡಲ್ಸ್ ಆದರೆ ಸೋಡಾ ಬೇಡ.

ಕೂಡಿಸುವುದು: ಮನೆಮಂದಿಯೆಲ್ಲ ಬಂದು ಕುಳಿತ ಮೇಲೆಯೇ ಈ ಕೆಲಸ. ಬಟ್ಟಲುಗಳನ್ನು ಬಿಸಿ ನೀರಿನಿಂದ ಬೆಚ್ಚಗಾಗಿಸಿ. ತಳಕ್ಕೆ ತಾರೆಯ ಕಾಲು ಭಾಗ ಹಾಕಿ, ಕುದಿಯುವ ಸಾರು 350 ಮಿಲಿಯಷ್ಟು ಸುರಿದು ಚೆನ್ನಾಗಿ ಕದಡಿ. ಬಿಸಿ ನೂಡಲ್ಸ್ ಇಳಿಸಿ, ಮೇಲೆ ಖೀಮಾ, ಪಾಲಕ್, ಮೊಳಕೆ, ಅರ್ಧ ಸೀಳಿದ ಮೊಟ್ಟೆ ಜೋಡಿಸಿ. ಕೊನೆಗೆ ಮೆಣಸಿನೆಣ್ಣೆ, ಈರುಳ್ಳಿ ಹೂವು. ನೂಡಲ್ಸ್ ಸಾರು ಹೀರಿ ಉಬ್ಬುವ ಮೊದಲೇ ತಿಂದು ಮುಗಿಸಬೇಕು. ಸರ್ರನೆ ಹೀರಿದರೆ ಜಪಾನಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಅದು ಊಟ ಹಿಡಿಸಿತು ಎಂಬುದರ ಗುರುತು.

ಪ್ಯಾಕೆಟಿನ ಬೆನ್ನು ಓದಿ

ಮಕ್ಕಳು ರಾಮೆನ್ ಎಂದು ತರುವ ಖಾರದ ಪ್ಯಾಕೆಟುಗಳಲ್ಲಿ ಹಲವು ಕೊರಿಯಾದವು. ಅಲ್ಲಿ ಅದನ್ನು ರಾಮ್ಯನ್ ಎನ್ನುತ್ತಾರೆ. 2024ರ ಜೂನ್‌ನಲ್ಲಿ ಡೆನ್ಮಾರ್ಕಿನ ಆಹಾರ ಇಲಾಖೆ ಕೊರಿಯಾದ ಮೂರು ಬಗೆಯ ಅತಿ ಖಾರದ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿತು. ಅವುಗಳಲ್ಲಿನ ಕ್ಯಾಪ್ಸೈಸಿನ್, ಅಂದರೆ ಮೆಣಸಿನ ಖಾರದ ಅಂಶ, ಮಕ್ಕಳಿಗೆ ಅಪಾಯಕಾರಿ ಆಗಬಹುದೆಂಬುದು ಕಾರಣ. ಮುಂದಿನ ತಿಂಗಳು ಎರಡು ಬಗೆಗಳ ಮೇಲಿನ ತಡೆಯನ್ನು ತೆಗೆಯಲಾಯಿತಾದರೂ ತಾಯಂದಿರಿಗೆ ಅದೊಂದು ಎಚ್ಚರಿಕೆಯೇ ಸರಿ. ಸ್ನೇಹಿತರ ಪಂತಕ್ಕೆ ಬಿದ್ದು ಮಕ್ಕಳು ಇಂತಹದ್ದನ್ನು ತಿನ್ನದಂತೆ ನೋಡಿಕೊಳ್ಳಬೇಕು.

ಉಪ್ಪಿನದ್ದು ಇನ್ನೊಂದು ಕಥೆ. ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನೇಕ ದಿಢೀರ್ ಸೂಪ್ ನೂಡಲ್ಸ್‌ಗಳ ಒಂದೇ ಪ್ಯಾಕೆಟಿನಲ್ಲಿ 3ರಿಂದ 4 ಗ್ರಾಂ ಉಪ್ಪಿರುತ್ತದೆ. ಮನೆಯ ರಾಮೆನ್‌ನಲ್ಲೂ ಒಂದು ದೊಡ್ಡ ಚಮಚ ಸೋಯಾ ಸಾಸ್ ಎಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು ಎಂಬುದು ನೆನಪಿರಲಿ. ಖೀಮಾದಲ್ಲಿರುವುದು ಬೇರೆ. ವ್ಯತ್ಯಾಸವೆಂದರೆ ಇಲ್ಲಿ ಅಳತೆ ನಿಮ್ಮ ಕೈಯಲ್ಲಿದೆ. ರಕ್ತದೊತ್ತಡ ಇರುವವರ ಬಟ್ಟಲಿಗೆ ತಾರೆ ಅರ್ಧ ಹಾಕಿ. ನೂಡಲ್ಸ್ ತಿಂದು ಸಾರನ್ನು ಉಳಿಸಿದರೂ ತಪ್ಪಿಲ್ಲ, ಜಪಾನಿನಲ್ಲೂ ಎಷ್ಟೋ ಜನ ಹಾಗೆ ಮಾಡುತ್ತಾರೆ.

ಇನ್ನು ಸಂಖ್ಯೆಗಳ ವಿಷಯ. ‘631’ ಎಂದು ಬರೆದಿದ್ದರೆ ಅದು ಹಂದಿ ಕೊಬ್ಬು ಎಂಬ ಸುದ್ದಿ ಮೊಬೈಲುಗಳಲ್ಲಿ ಆಗಾಗ ಹರಿದಾಡುತ್ತದೆ. ಅದು ಮೇಲೆ ಹೇಳಿದ ಇನೊಸಿನೇಟ್‌ನ ಸಂಖ್ಯೆ. ಮೀನು ಅಥವಾ ಮಾಂಸದಿಂದಲೂ ತಯಾರಿಸಬಹುದು, ಮರಗೆಣಸಿನಂತಹ ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ತಯಾರಿಸಬಹುದು. ಸಂಖ್ಯೆ ನೋಡಿ ತೀರ್ಪು ಕೊಡಲಾಗದು. ಭಾರತದಲ್ಲಿ ತಯಾರಾದ ಪ್ಯಾಕೆಟಿನ ಮೇಲೆ ಹಸಿರು ಗುರುತಿದ್ದರೆ ಅದರಲ್ಲಿ ಮಾಂಸಮೂಲದ ವಸ್ತುವಿಲ್ಲ. ಕಂದು ಗುರುತಿದ್ದರೆ ಅಥವಾ ಆಮದಾದ ಪ್ಯಾಕೆಟಾಗಿದ್ದರೆ ಹಲಾಲ್ ಮುದ್ರೆ ನೋಡಿ, ಸಾಮಗ್ರಿಗಳ ಪಟ್ಟಿ ಓದಿ. ಪೋರ್ಕ್ ಎಂದರೆ ಹಂದಿ ಮಾಂಸ, ಲಾರ್ಡ್ ಎಂದರೆ ಹಂದಿಯ ಕೊಬ್ಬು ಎಂಬುದನ್ನು ಮಕ್ಕಳಿಗೂ ಕಲಿಸಿಕೊಡಿ.

ಒಂದೇ ಪಾತ್ರೆ, ಹಲವು ಖಾರ

ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿ ಸಾರಿಗೆ ಖಾರ ಹಾಕುವಾಗ ಯಾರೋ ಒಬ್ಬರು ರಾಜಿಯಾಗಬೇಕಾಗುತ್ತದೆ. ಅಜ್ಜಿಗೆ ಹೊಟ್ಟೆಯುರಿ, ಹರೆಯದ ಮಗನಿಗೆ ಎಷ್ಟು ಖಾರವಿದ್ದರೂ ಸಾಲದು, ಪುಟ್ಟ ಮಗುವಿಗೆ ಚೂರೂ ಆಗದು. ರಾಮೆನ್‌ನಲ್ಲಿ ಆ ತಾಪತ್ರಯವಿಲ್ಲ. ಖಾರವೆಲ್ಲ ಎಣ್ಣೆಯ ಬಟ್ಟಲಿನಲ್ಲಿ ಪ್ರತ್ಯೇಕವಾಗಿದೆ. ಖೀಮಾಕ್ಕೆ ಹಾಕುವ ಮೆಣಸಿನ ಪುಡಿಯನ್ನು ಬಿಟ್ಟರಾಯಿತು, ಅಜ್ಜಿ ಮತ್ತು ಮೊಮ್ಮಗು ಬರೀ ಎಳ್ಳಿನ ಬಿಳಿ ಸಾರು ಕುಡಿಯಲಿ. ಮಗ ಎರಡು ಚಮಚ ಕೆಂಪೆಣ್ಣೆ ಸುರಿದುಕೊಳ್ಳಲಿ. ಖಾರ ಹೆಚ್ಚಾಯಿತೆಂದು ಅವನು ಕಣ್ಣೀರು ಹಾಕಿದರೆ ನೀರು ಕೊಡಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಒಂದು ಲೋಟ ಹಾಲು ಅಥವಾ ಮೊಸರು ಕೊಡಿ.

ಮೊದಲ ಸಲ ಇದಕ್ಕೆ ಎರಡೂವರೆ ಗಂಟೆಯಾದರೂ ಬೇಕು. ಹಾಗಾಗಿ ರಜೆಯ ದಿನ ಆರಿಸಿಕೊಳ್ಳಿ. ಎಲುಬು ತೊಳೆಯುವುದನ್ನು, ಎಳ್ಳು ಹುರಿಯುವುದನ್ನು, ಮೊಟ್ಟೆಗೆ ಗಡಿಯಾರ ನೋಡುವುದನ್ನು ಗಂಡುಮಕ್ಕಳೂ ಹೆಣ್ಣುಮಕ್ಕಳೂ ಹಂಚಿಕೊಳ್ಳಲಿ. ಬಟ್ಟಲಿನೊಳಗೆ ಏನಿದೆ ಎಂದು ತನ್ನ ಕೈಯಾರೆ ಹಾಕಿ ತಿಳಿದ ಮಗು ಮುಂದೆ ಯಾವ ಊರಿನ ಯಾವ ಹೋಟೆಲಿನಲ್ಲಿ ಕುಳಿತರೂ ಏನು ಕೇಳಬೇಕೆಂಬುದನ್ನು ಬಲ್ಲದು.